ಹಿತ್ತಿಲ ಹಿಂದಿನ ರೈಲು

ನಮ್ಮ ಹಿತ್ತಿಲಿನ ಬಾವಿಕಟ್ಟೆಯಿಂದ ನಲವತ್ತು ಹೆಜ್ಜೆ ನಡೆದರೆ ಬೇಲಿ; ಬೇಲಿಯಾಚೆ ಅಗಳ; ಅಗಳದಾಚೆ ದಿಬ್ಬದ ಮೇಲೆ ಶಿವಮೊಗ್ಗ–ತಾಳಗುಪ್ಪ ರೈಲು ಹಳಿ. ಸಾಗರಕ್ಕೆ ಬಂದುಹೋಗಿರುವ ಬಂಧುಗಳಿಗೂ, ಲೆಕ್ಕ ಹೇಳಿಸಿಕೊಳ್ಳುವ ನೆಪದಲ್ಲಿ ಬಂದು ಪೇರಲೆಕಾಯಿ ಕದ್ದು ತಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಈ ಸ್ಥಳವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕಳೆದ ಕೆಲವು ವರ್ಷಗಳಿಂದ ಆ ಬೇಲಿಯ ಒಳಗೆ ಒಂದು ಕುರ್ಚಿ ಹಾಕಿಕೊಂಡು, ಹಾದುಹೋಗುವ ರೈಲುಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದೇನೆ. ಇದನ್ನು ಕುರಿತು ಮನೆಯ ಒಳಗೂ ಹೊರಗೂ ಸಾಕಷ್ಟು ಪರಿಹಾಸ್ಯ ನಡೆದಿರುವುದರಿಂದ ನನ್ನ ಪಕ್ಷವನ್ನೂ ಒಮ್ಮೆ ಮಂಡಿಸಬೇಕೆನಿಸಿತು.

ಆಕ್ಷೇಪ ಇಷ್ಟೆ: ದಿನವೂ ಅದೇ ರೈಲು, ಅದೇ ಹಳಿ, ತೆಗೆಯುವುದಕ್ಕೇನಿದೆ? ನಮ್ಮದು ತಾಳಗುಪ್ಪದಲ್ಲಿ ಮುಗಿದುಹೋಗುವ ದಾರಿ. ದಿನಕ್ಕೆ ಬೆರಳೆಣಿಕೆಯ ರೈಲುಗಳು. ಕೆಳಗೆ ಹೋದದ್ದು ಅದೇ ದಾರಿಯಲ್ಲಿ ಮರಳಲೇಬೇಕು. "ಮೇಷ್ಟ್ರೇ, ನಮ್ಮ ಕಡೆಗೆ ವಂದೇ ಭಾರತ್ ಬಂದಾಗ ತೆಗೆಯಿರಿ, ಎಲ್ಲರೂ ನೋಡುತ್ತಾರೆ" ಎಂದು ಬೆಂಗಳೂರಿನಲ್ಲಿರುವ ಶಿಷ್ಯನೊಬ್ಬ ಫೋನಿನಲ್ಲಿ ಉಪದೇಶಿಸಿದ. ದಕ್ಷಿಣದ ಮೊದಲ ವಂದೇ ಭಾರತ್ 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ ನಡುವೆ ಓಡಲಾರಂಭಿಸಿದಾಗ ಅದನ್ನು ಸಾವಿರಾರು ಜನ ತೆಗೆದರು. ಹಾಗೆ ತೆಗೆದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸಾವಿರ ಜನ ತೆಗೆಯುವ ರೈಲಿಗೆ ನನ್ನ ಅಗತ್ಯವೇನಿದೆ? ಯಾರೂ ತೆಗೆಯದಿರುವ ರೈಲಿಗೆ ನನ್ನ ಅಗತ್ಯವಿದೆ. ಈ ಮಾತನ್ನು ನಾನು ನಷ್ಟ ಅನುಭವಿಸಿ ಕಲಿತದ್ದು.

1974ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಇದು ಮೀಟರ್ ಗೇಜ್ ಹಳಿ. ಹಳಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರ್. ಆನಂದಪುರದ ಕಡೆಯ ಶಾಲೆಗೆ ನಾನು ಎಷ್ಟೋ ವರ್ಷ ಆ ಪುಟ್ಟ ರೈಲಿನಲ್ಲಿಯೇ ಹೋಗಿಬಂದೆ. ಮರದ ಬೆಂಚು, ಮೊಸರಿನ ತಂಬಿಗೆ ಹಿಡಿದ ಹೆಂಗಸರು, ಕಿಟಕಿಯಿಂದ ಒಳಗೆ ಬಂದು ಬಿಳಿ ಪಂಚೆಯ ಮೇಲೆ ಕೂರುತ್ತಿದ್ದ ಕಲ್ಲಿದ್ದಲ ಕಪ್ಪು. ಏರಿನಲ್ಲಿ ರೈಲು ಎಷ್ಟು ನಿಧಾನವಾಗುತ್ತಿತ್ತೆಂದರೆ ಹುಡುಗರು ಇಳಿದು ನೆಲ್ಲಿಕಾಯಿ ಆರಿಸಿಕೊಂಡು ಮುಂದಿನ ಡಬ್ಬಿಗೆ ಹತ್ತುತ್ತಿದ್ದರು. (ಈಗ ಅಜ್ಜಂದಿರಾಗಿರುವ ಆ ಹುಡುಗರು ಇದನ್ನು ಓದಿ ನಗುತ್ತಿರಬಹುದು. ಆಗ ನಿಮಗೆ ಬೆತ್ತದ ರುಚಿ ತೋರಿಸಿದವನು ನಾನೇ ಎಂಬುದೂ ನೆನಪಿರಲಿ.) ಕೊನೆಗಾಲದಲ್ಲಿ ರೈಲೂ ಹೋಗಿ, ಬಸ್ಸಿಗೆ ರೈಲಿನ ಗಾಲಿ ಹಾಕಿದಂತಿದ್ದ ರೈಲ್‌ಬಸ್ಸು ಓಡಾಡುತ್ತಿತ್ತು. ಆಮೇಲೆ ಹಳಿಯನ್ನೇ ಕಿತ್ತರು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಬಂತು.

ಆ ಹಳಿಯನ್ನು ಕೀಳುವುದನ್ನು ನಾನು ಇದೇ ಬೇಲಿಯ ಪಕ್ಕ ನಿಂತು ನೋಡಿದೆ. ಮನೆಯ ಕಪಾಟಿನಲ್ಲಿ ಕ್ಯಾಮೆರಾ ಇತ್ತು. ಒಳಗೆ 36 ಚಿತ್ರಗಳ ರೀಲೂ ಇತ್ತು. ಅದನ್ನು ಅಣ್ಣನ ಮೊಮ್ಮಗನ ಉಪನಯನಕ್ಕೆಂದು ತೆಗೆದಿಟ್ಟಿದ್ದೆ. ಹಳಿಗಾಗಿ ಒಂದು ಚಿತ್ರ ಖರ್ಚು ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಉಪನಯನದ 36 ಚಿತ್ರಗಳಲ್ಲಿ ಮೂವತ್ತರಲ್ಲಿ ಜನ ಊಟಕ್ಕೆ ಕುಳಿತಿದ್ದಾರೆ. ನಾನು ಅಷ್ಟು ವರ್ಷ ಪ್ರಯಾಣ ಮಾಡಿದ ರೈಲಿನ ಒಂದು ಚಿತ್ರವೂ ಈ ಮನೆಯಲ್ಲಿಲ್ಲ. ಮೊಮ್ಮಗಳು ಅದು ಹೇಗಿತ್ತೆಂದು ಕೇಳಿದಾಗ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಚಿತ್ರಕಲೆಯಲ್ಲಿ ನನ್ನ ಪ್ರಾವೀಣ್ಯ ನಿಮಗೆ ಗೊತ್ತೇ ಇದೆ.

ಆಕೆಗೆ ಅಲ್ಪಸ್ವಲ್ಪ ತೋರಿಸಲು ಸಾಧ್ಯವಾದದ್ದು ಶಂಕರ್ ನಾಗ್ ಅವರ ಕೃಪೆಯಿಂದ. 1980ರ ದಶಕದಲ್ಲಿ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ, ಮಾಲ್ಗುಡಿಯ ರೈಲು ನಿಲ್ದಾಣವಾಗಿ ಆರಿಸಿಕೊಂಡದ್ದು ನಮ್ಮ ದಾರಿಯ ಅರಸಾಳನ್ನು. ಆ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಯೋಚಿಸಿ ನೋಡಿ: ಇಷ್ಟೂ ನಿಲ್ದಾಣಗಳಲ್ಲಿ ಉಳಿದುಕೊಂಡದ್ದು ಒಬ್ಬರ ಕ್ಯಾಮೆರಾ ಬಿದ್ದ ನಿಲ್ದಾಣ, ಅದೂ ಕಲ್ಪಿತ ಊರೊಂದರ ಹೆಸರಿನಲ್ಲಿ! ಆನಂದಪುರದಲ್ಲಿ ನಾನು ಮಳೆಯಲ್ಲಿ ತೊಯ್ಯುತ್ತ ನಿಂತ ಕಟ್ಟೆಗೆ ಅಂಥ ಭಾಗ್ಯ ಬರಲಿಲ್ಲ.

ಇನ್ನೊಂದು ಸಂಗತಿ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲನಚಿತ್ರಗಳನ್ನು ಮೊದಲ ಬಾರಿ ನಮ್ಮ ದೇಶದಲ್ಲಿ ತೋರಿಸಿದಾಗ, ಅವುಗಳಲ್ಲಿ ಒಂದು ರೈಲು ನಿಲ್ದಾಣಕ್ಕೆ ಬಂದು ನಿಲ್ಲುವ ದೃಶ್ಯವಾಗಿತ್ತು. ಆ ರೈಲಿನಲ್ಲಿ ವಿಶೇಷವೇನೂ ಇಲ್ಲ. ಬರುತ್ತದೆ, ನಿಲ್ಲುತ್ತದೆ, ಜನ ಹತ್ತಿ ಇಳಿಯುತ್ತಾರೆ. ಇಂದು ಅದನ್ನು ನೋಡುವಾಗ ನಮ್ಮ ಕಣ್ಣು ಎಂಜಿನ್ನಿನ ಮೇಲೆ ನಿಲ್ಲುವುದಿಲ್ಲ. ಆ ಜನರ ಟೋಪಿ, ಗಂಟು, ಅವಸರಗಳ ಮೇಲೆ ನಿಲ್ಲುತ್ತದೆ.

ನನ್ನ ಚಿತ್ರೀಕರಣದಲ್ಲಿ ಕಲೆಯೇನೂ ಇಲ್ಲ. ಮೊಬೈಲನ್ನು ಅಡ್ಡಲಾಗಿ ಹಿಡಿದು, ಕೈಯನ್ನು ಅಲುಗಿಸದೆ, ರೈಲು ತಾನಾಗಿ ಬಂದು ತಾನಾಗಿ ಹೋಗಲು ಬಿಡುತ್ತೇನೆ. ಮೊದಲಿಗೆ ತಾರೀಖನ್ನೂ ರೈಲಿನ ಹೆಸರನ್ನೂ ಹಾಜರಿ ಕೂಗುವಂತೆ ಗಟ್ಟಿಯಾಗಿ ಹೇಳುತ್ತೇನೆ. ಮೈಸೂರಿನ ರೈಲಿಗೆ 2022ರಲ್ಲಿ ಕುವೆಂಪು ಎಕ್ಸ್‌ಪ್ರೆಸ್ ಎಂದು ನಾಮಕರಣವಾದ ಮೇಲೆ ಅದನ್ನು ಕೂಗುವುದು ಕನ್ನಡ ಮೇಷ್ಟ್ರಲ್ಲದ ನನಗೂ ಹೆಮ್ಮೆ. ಹಿನ್ನೆಲೆಗೆ ಸಿನಿಮಾ ಹಾಡು ಸೇರಿಸುವುದಿಲ್ಲ. ಹಾಡು ಎಲ್ಲಿಯಾದರೂ ಸಿಗುತ್ತದೆ, ಗಾಲಿಯ ಸದ್ದು ಸಿಗುವುದಿಲ್ಲ. ಒಮ್ಮೆ ಬಿಸಿಲಿನಲ್ಲಿ ಇಡೀ ರೈಲು ಅಚ್ಚುಕಟ್ಟಾಗಿ ಮೂಡಿಬರುತ್ತಿದ್ದಾಗ ನನ್ನ ಶ್ರೀಮತಿ ಅಂಗಳದಿಂದ, "ರೀ, ಹನಿ ಬಿತ್ತು, ಅಡಿಕೆ ಬಾಚಬೇಕು, ಬನ್ನಿ!" ಎಂದು ಕೂಗಿ ಕೆಡಿಸಿದಳೆಂದು ಸಿಟ್ಟಾಗಿದ್ದೆ. ದೂರದ ಅಮೆರಿಕದಲ್ಲಿರುವ ಮಗಳಿಗೆ ಕಳುಹಿಸಿದ ನೂರಾರು ತುಣುಕುಗಳಲ್ಲಿ ಅವಳು ಮತ್ತೆ ಮತ್ತೆ ನೋಡುವುದು ಅದೊಂದನ್ನೇ. ಉಳಿದವುಗಳಲ್ಲಿ ಬರೀ ರೈಲು ಇದೆಯಂತೆ.

ಚಿತ್ರೀಕರಣವೆಂದರೆ ಹಳಿಯ ಮೇಲೆ ನಿಲ್ಲುವುದೆಂದು ತಿಳಿದವರ ಬಗ್ಗೆ ಮಾತ್ರ ನನಗೆ ಕಿಂಚಿತ್ತೂ ಸಹನೆಯಿಲ್ಲ. ಹಿಂದಿನ ಬೇಸಗೆಯಲ್ಲಿ ಇಬ್ಬರು ಹುಡುಗರು, ರೈಲು ತಮ್ಮ ಬೆನ್ನ ಹಿಂದೆ ಬರುವಂತೆ ರೀಲ್ಸ್ ಮಾಡಲು ದಿಬ್ಬ ಹತ್ತಿದ್ದರು. ಮೇಷ್ಟ್ರ ಹಳೆಯ ಗಂಟಲು ಇನ್ನೂ ಉಪಯೋಗಕ್ಕಿದೆ ಎಂಬುದು ಅಂದು ಖಚಿತವಾಯಿತು. ಇಳಿದು ಬಂದವರನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಒಂದು ಲೆಕ್ಕ ಹೇಳಿಸಿದೆ. ಹಳಿಗಳ ಅಂತರ 1,676 ಮಿಲಿಮೀಟರ್. ಡಬ್ಬಿಯ ಅಗಲ ಸುಮಾರು 3,200. ಹಾಗಾದರೆ ಹಳಿಯಿಂದಾಚೆ ಪ್ರತಿ ಬದಿಗೆ ಎಷ್ಟು ಚಾಚಿರುತ್ತದೆ? ಮುಕ್ಕಾಲು ಮೀಟರಿಗಿಂತ ಹೆಚ್ಚೆಂದು ಅವರೇ ಕಂಡುಹಿಡಿದು ಬಿಳಿಚಿಕೊಂಡರು. ಹಳಿಯ ಪಕ್ಕ ಒಂದಡಿ ಸರಿದು ನಿಂತರೆ ಸಾಕೆಂದುಕೊಂಡಿದ್ದರು, ಪಾಪ. ಅದಲ್ಲದೆ ಮೊಬೈಲಿನ ವಿಶಾಲ ಕೋನದ ಮಸೂರದಲ್ಲಿ ರೈಲು ಇರುವುದಕ್ಕಿಂತ ದೂರದಲ್ಲಿರುವಂತೆ ಕಾಣುತ್ತದೆ. ಚಾಲಕರು ತುರ್ತು ಬ್ರೇಕ್ ಹಾಕಿದರೂ ಅದು ನಿಲ್ಲುವುದು ನೂರಾರು ಮೀಟರ್ ಸಾಗಿದ ಮೇಲೆಯೇ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಅಲ್ಲಿಗೆ ಹೋಗುವುದೇ ಅಪರಾಧ. ಈಗ ಅವರಲ್ಲಿ ಒಬ್ಬ ಆಗಾಗ ಬಂದು ನನ್ನ ಕುರ್ಚಿಯ ಪಕ್ಕ ನಿಂತು ತೆಗೆಯುತ್ತಾನೆ. ನನಗಿಂತ ಚೆನ್ನಾಗಿ ತೆಗೆಯುತ್ತಾನೆಂದು ಒಪ್ಪಿಕೊಳ್ಳಬೇಕು.

ಕೊನೆಯ ಡಬ್ಬಿಯಿಂದ ಗಾರ್ಡ್ ಒಬ್ಬರು (2022ರಿಂದ ಅವರಿಗೆ ಟ್ರೇನ್ ಮ್ಯಾನೇಜರ್ ಎಂಬ ಹೊಸ ಹೆಸರು) ನನ್ನನ್ನು ಕಂಡಾಗ ಕೈ ಎತ್ತುತ್ತಾರೆ. ಪರಿಚಯವಿಲ್ಲ, ಹೆಸರು ಗೊತ್ತಿಲ್ಲ. ಅವರು ಎಲ್ಲಿಗೋ ವರ್ಗವಾಗಿ ಹೋದ ಮೇಲೂ ಆ ಎತ್ತಿದ ಕೈ ನನ್ನ ಬಳಿ ಇರುತ್ತದೆ, ತಾರೀಖಿನ ಸಮೇತ.

ಈಗ ನನ್ನದೊಂದು ಬೇಡಿಕೆ. 2011ಕ್ಕೆ ಮೊದಲು ಈ ದಾರಿಯಲ್ಲಿ ಓಡಾಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಮದುವೆಯ ದಿಬ್ಬಣ ಹೊರಟಾಗಲೋ, ಶಾಲೆಯಿಂದ ಜೋಗ ನೋಡಲು ಹೋದಾಗಲೋ ನಿಲ್ದಾಣದಲ್ಲಿ ನಿಂತು ತೆಗೆಸಿಕೊಂಡ ಚಿತ್ರವೊಂದು ಯಾರದಾದರೂ ಟ್ರಂಕಿನ ತಳದಲ್ಲಿರಬಹುದು. ನಿಮ್ಮ ಹಿಂದೆ ಆ ಪುಟ್ಟ ರೈಲಿನ ಒಂದು ಕಿಟಕಿ, ಒಂದು ಗಾಲಿ ಕಂಡರೂ ಸಾಕು, ಪ್ರತಿ ತೆಗೆಸಿ ಕಳುಹಿಸಿಕೊಡಿ. ಅಂಚೆಯ ಖರ್ಚು ನನ್ನದು.