ನಿಲ್ಲುವುದಕ್ಕೊಂದು ಎಡೆ

ಜರ್ಸಿ ಸಿಟಿಯಿಂದ ಪಾತ್ ರೈಲಿನಲ್ಲಿ ಹಡ್ಸನ್ ನದಿಯ ಅಡಿಯಲ್ಲೇ ಹಾದುಬಂದು, ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಮೇಲೇರಿ, ಪೂರ್ವಾಭಿಮುಖವಾಗಿ ಸ್ವಲ್ಪ ನಡೆದರೆ ಎದುರಾಗುವ ಜುಕಾಟಿ ಪಾರ್ಕು, ಉದ್ಯಾನವೆಂಬ ಹೆಸರಿಗೆ ಸಂಕೋಚಪಡುವಂತಹ, ಕಲ್ಲು ಹಾಸಿದ ಒಂದು ಅಂಗಳ. 2011ರ ಸೆಪ್ಟೆಂಬರ್ 17ರಂದು 'ಆಕ್ಯುಪೈ ವಾಲ್ ಸ್ಟ್ರೀಟ್' ಚಳವಳಿಯವರು ಬೀಡುಬಿಟ್ಟದ್ದು ಇಲ್ಲಿಯೇ. ನಗರದ ಸ್ವಂತ ಉದ್ಯಾನಗಳಿಗೆ ರಾತ್ರಿ ಬಾಗಿಲು ಬೀಳುತ್ತದೆ. ಇದಾದರೋ, ಪಕ್ಕದ ಕಟ್ಟಡವನ್ನು ಎತ್ತರಿಸಲು 1968ರಲ್ಲಿ ದೊರೆತ ರಿಯಾಯಿತಿಗೆ ಪ್ರತಿಯಾಗಿ ಅಹೋರಾತ್ರಿ ಸಾರ್ವಜನಿಕರಿಗೆ ತೆರೆದಿರತಕ್ಕದ್ದೆಂಬ ಕರಾರಿಗೊಳಪಟ್ಟ ಖಾಸಗಿ ಸ್ವತ್ತಾದುದರಿಂದ, ಧನಿಕರನ್ನು ಖಂಡಿಸಬಂದವರಿಗೆ ಧನಿಕರ ಅಂಗಳವೇ ಆಶ್ರಯವಾಯಿತು.

ಧ್ವನಿವರ್ಧಕಕ್ಕೆ ಪೊಲೀಸರ ಪರವಾನಗಿ ಬೇಕು. ಅದಿಲ್ಲದ ಕಾರಣ, ಒಬ್ಬನು ವಾಕ್ಯದ ಒಂದು ತುಣುಕನ್ನಾಡುವುದು, ಸುತ್ತಲಿನವರು ಅದನ್ನೇ ಒಕ್ಕೊರಲಿನಿಂದ ಪುನರುಚ್ಚರಿಸಿ ಹಿಂದಿನವರಿಗೆ ದಾಟಿಸುವುದು, ಹೀಗೆ ವೇದಪಾಠಶಾಲೆಯಲ್ಲಿ ಗುರು ಸಂಥೆ ಹೇಳಿಕೊಟ್ಟಂತೆ ಸಭೆ ಸಾಗುತ್ತಿತ್ತು. ತನಗೊಪ್ಪದ ಮಾತನ್ನೂ ಮೊದಲು ತನ್ನ ನಾಲಗೆಯಿಂದಲೇ ಆಡಿ ಮುಗಿಸಿ, ಆಮೇಲೆ ವಿರೋಧಿಸುವ ಈ ಕ್ರಮಕ್ಕಿಂತ ಮಿಗಿಲಾದ ಸಭ್ಯತೆಯನ್ನು ನಾನು ಕಾಣೆ. ಆದರೆ ಸಭ್ಯತೆಯೆಂದರೆ ದನಿ ತಗ್ಗಿಸುವುದು, ದಾರಿ ಬಿಡುವುದು ಎಂದಷ್ಟೇ ತಿಳಿಯುವವರೇ ಹೆಚ್ಚು.

ವಿನಯಕ್ಕೆ ಜಗತ್ಪ್ರಸಿದ್ಧವಾದ ಜಪಾನಿನಲ್ಲಿ, ಅಮೆರಿಕದೊಡನೆಯ ರಕ್ಷಣಾ ಒಪ್ಪಂದದ ವಿರುದ್ಧ 1960ರಲ್ಲಿ ಜನಸಾಗರವೇ ಸಂಸತ್ತನ್ನು ಸುತ್ತುವರಿದು, ಜೂನ್ 15ರ ಘರ್ಷಣೆಯಲ್ಲಿ ಕಂಬಾ ಮಿಚಿಕೊ ಎಂಬ ವಿದ್ಯಾರ್ಥಿನಿ ಮಡಿದು, ಅಧ್ಯಕ್ಷ ಐಸೆನ್‌ಹೋವರರ ಭೇಟಿ ರದ್ದಾಗಿ, ಪ್ರಧಾನಿ ಕಿಶಿ ಅಧಿಕಾರ ತ್ಯಜಿಸಬೇಕಾಯಿತು. ಒಂಬತ್ತು ವರ್ಷಗಳ ತರುವಾಯ ಟೋಕಿಯೋದ ಶಿಂಜುಕು ನಿಲ್ದಾಣದ ನೆಲದಡಿಯ ಚೌಕದಲ್ಲಿ ತರುಣರು ಶನಿವಾರ ಸಂಜೆಗಳಂದು ಗಿಟಾರ್ ಹಿಡಿದು ವಿಯೆಟ್ನಾಂ ಯುದ್ಧವಿರೋಧಿ ಗೀತೆಗಳನ್ನು ಹಾಡತೊಡಗಿದರು. ಕೇಳಲು ಸಾವಿರಾರು ಮಂದಿ ನೆರೆದರು. ಅಶ್ರುವಾಯುವಿನಿಂದ ಸಾಧ್ಯವಾಗದ್ದನ್ನು ಅಧಿಕಾರಿಗಳು ಆ ಜುಲೈನಲ್ಲಿ ಒಂದು ನಾಮಫಲಕದಿಂದ ಸಾಧಿಸಿದರು: 'ಹಿರೋಬಾ' ಎಂದಿದ್ದುದು 'ತ್ಸೂರೋ' ಎಂದಾಯಿತು, ಎಂದರೆ ಚೌಕವು ದಾರಿಯಾಯಿತು. ದಾರಿಯಲ್ಲಿ ನಡೆಯಬೇಕು, ನಿಂತರೆ ಅಪರಾಧ! ಹೆಸರಿನ ಈ ಕೈಚಳಕಕ್ಕೆ ವೈಯಾಕರಣರೂ ತಲೆದೂಗಬೇಕು. ನಮ್ಮ ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ನಿಗದಿಯಾದ ಒಂದೇ ಜಾಗವಾದ ಫ್ರೀಡಂ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿದ್ದುದನ್ನು ನೆನೆದರೆ, ಅನ್ಯರನ್ನು ಹಂಗಿಸಲು ನಾಲಗೆ ಏಳದು.

ಜುಕಾಟಿಯ ಬೀಡನ್ನು ಪೊಲೀಸರು ನವೆಂಬರ್ 15ರ ನಡುರಾತ್ರಿ ಎತ್ತಂಗಡಿ ಮಾಡಿದರು. ಹಗಲಿನಲ್ಲಿ ನ್ಯಾಯಾಲಯವೂ ನಗರದ ಪಕ್ಷವನ್ನೇ ಎತ್ತಿಹಿಡಿಯಿತು. ಸಂಜೆ ಪಾರ್ಕು ಮತ್ತೆ ತೆರೆಯಿತು. ಗುಡಾರ ಹೂಡುವಂತಿಲ್ಲ, ಮಲಗುವಂತಿಲ್ಲ. ನಿಲ್ಲುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ.