ಆಡಳಿತ ಪಕ್ಷ ಎಡವೋ, ಬಲವೋ?

1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ಅರಸನ ಪರವಾದವರು ಅಧ್ಯಕ್ಷರ ಬಲಕ್ಕೂ ವಿರೋಧಿಗಳು ಎಡಕ್ಕೂ ಕುಳಿತರು. ಎಡ, ಬಲಗಳೆಂಬ ರಾಜಕೀಯ ಪರಿಭಾಷೆ ಹುಟ್ಟಿದ್ದು ಹಾಗೆ. 2023ರ ಮೇ ತಿಂಗಳಲ್ಲಿ 135 ಸ್ಥಾನಗಳನ್ನು ಗೆದ್ದು ರಾಜ್ಯದ ಅಧಿಕಾರ ಹಿಡಿದ ಕಾಂಗ್ರೆಸ್ಸನ್ನು ಯಾವ ಕಡೆ ಕೂರಿಸಬೇಕು?

ನಮ್ಮ ಭಾಗದ ಮತದಾರರಂತೂ ಒಂದೇ ಉತ್ತರ ಕೊಡಲಿಲ್ಲ. ಕೂಡ್ಲಿಗಿ ಕಾಂಗ್ರೆಸ್ಸಿಗೆ, ಹಗರಿಬೊಮ್ಮನಹಳ್ಳಿ ಜಾತ್ಯತೀತ ಜನತಾದಳಕ್ಕೆ, ಹಡಗಲಿ ಬಿಜೆಪಿಗೆ ಒಲಿದವು. ಹರಪನಹಳ್ಳಿಯಲ್ಲಿ ಗೆದ್ದ ಪಕ್ಷೇತರ ಅಭ್ಯರ್ಥಿ ದಿವಂಗತ ಎಂ.ಪಿ. ಪ್ರಕಾಶರ ಪುತ್ರಿ. ಸಮಾಜವಾದಿ ಹಿನ್ನೆಲೆಯ ಪ್ರಕಾಶರೂ ಸಿದ್ದರಾಮಯ್ಯನವರೂ ಕೊನೆಗೆ ಸೇರಿದ್ದು ಕಾಂಗ್ರೆಸ್ಸನ್ನೇ. ಅವರೊಂದಿಗೆ ಸಮಾಜವಾದವೂ ಬಂತೇ ಎಂಬುದು ಬೇರೆ ಮಾತು.

ಹಂಚುವ ವಿಷಯದಲ್ಲಿ ಈ ಪಕ್ಷ ಎಡಕ್ಕಿದೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, 2023ರ ಜೂನ್ 11ರಿಂದ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. ಕೊಟ್ಟೂರಿನಿಂದ ಹೊಸಪೇಟೆಯ ಆಸ್ಪತ್ರೆಗೆ ಹೋಗುವ ತಾಯಿಗೆ ಇದು ಭಿಕ್ಷೆಯಲ್ಲ.

ಆದರೆ ಭೂಮಿಯ ಪ್ರಶ್ನೆ ಬಂದಾಗ ಪಕ್ಷದ ನಡೆ ಬೇರೆ. 1974ರಲ್ಲಿ ದೇವರಾಜ ಅರಸರ ಕಾಂಗ್ರೆಸ್ ಸರಕಾರ ಉಳುವವನಿಗೆ ಭೂಮಿ ಕೊಡಲು ಕಾನೂನನ್ನು ತಿದ್ದಿತ್ತು. ಅದೇ ಪಕ್ಷದ ಸಂಪುಟ 2024ರ ಆಗಸ್ಟಿನಲ್ಲಿ, ಕೂಡ್ಲಿಗಿಯ ನೆರೆಯ ಸಂಡೂರು ತಾಲೂಕಿನಲ್ಲಿ ಗುತ್ತಿಗೆಗೆ ಕೊಟ್ಟಿದ್ದ 3,600ಕ್ಕೂ ಹೆಚ್ಚು ಎಕರೆಯನ್ನು ಜಿಂದಾಲ್ ಉಕ್ಕು ಕಂಪೆನಿಗೆ ಮಾರಲು ಒಪ್ಪಿತು. 2019ರಲ್ಲಿ ಮೈತ್ರಿ ಸರಕಾರ ಇದಕ್ಕೆ ಮುಂದಾದಾಗ ಕಾಂಗ್ರೆಸ್ಸಿನ ಎಚ್.ಕೆ. ಪಾಟೀಲರೇ ವಿರೋಧಿಸಿದ್ದರು. 2024ರ ಸಂಪುಟದಲ್ಲಿ ಅವರು ಕಾನೂನು ಸಚಿವರು! 2019ರಲ್ಲಿ ಧರಣಿ ಕುಳಿತ ಬಿಜೆಪಿಯೂ 2021ರಲ್ಲಿ ತಾನೇ ಒಪ್ಪಿಗೆ ನೀಡಿ, ಸ್ವಪಕ್ಷೀಯರ ಆಕ್ಷೇಪದಿಂದ ತಡೆಹಿಡಿಯಿತು. ದೇವನಹಳ್ಳಿಯಲ್ಲಿ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈಯಲ್ಲಿ ಕೈಬಿಡಲಾಯಿತು ನಿಜ. ಆದರೆ ಅದು ರೈತರು ಸಾವಿರಕ್ಕೂ ಹೆಚ್ಚು ದಿನ ಹೋರಾಡಿದ ಬಳಿಕ.

ನಮ್ಮ ಪಟ್ಟಣಗಳ ಮುಸ್ಲಿಮರು ಪಕ್ಷಗಳನ್ನು ಒಂದೇ ಕೋಲಿನಿಂದ ಅಳೆಯುತ್ತಾರೆ: ಕೋಮುವಾದಿಯೋ, ಅಲ್ಲವೋ? 2023ರ ಮಾರ್ಚಿನಲ್ಲಿ ಅಂದಿನ ಬಿಜೆಪಿ ಸರಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಲು ಹೊರಟಿದ್ದನ್ನು ಕಂಡವರಿಗೆ ಆ ಕೋಲು ಬೇಕೇ ಬೇಕು. ಆದರೆ ಅದೊಂದೇ ಸಾಕೆ? ಹಮಾಲಿ ಮಾಡುವವರು, ಗ್ಯಾರೇಜಿನಲ್ಲಿ ದುಡಿಯುವವರು, ಅಂಗೈಯಗಲ ಜಮೀನೂ ಇಲ್ಲದವರು ನಮ್ಮಲ್ಲಿಲ್ಲವೇ? ಮತ ಕೇಳಲು ಬರುವ ಅಭ್ಯರ್ಥಿಯ ಮುಂದೆ ಮೀಸಲಾತಿಯ ಜೊತೆಗೆ ಕೂಲಿಯ ಮಾತನ್ನೂ ಸಂಡೂರಿನ ಎಕರೆಗಳ ಲೆಕ್ಕವನ್ನೂ ಎತ್ತಲು ನಮಗೇಕೆ ಸಂಕೋಚ?