ಪ್ಯಾನಲ್ ಕೊಳ್ಳುವ ಮೊದಲು ಖರ್ಚಿನ ಲೆಕ್ಕ ಬರೆಯಿರಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಮರುದಿನವೇ ನಾವು ಮೂವರು ಅರೆಕಾಲಿಕ ವರದಿಗಾರರು ನಮ್ಮ ಹಳೇ ವ್ಯಾನ್ ಹತ್ತಿ ಹೊಸಪೇಟೆಗೆ ಹೋದೆವು. ಒಳಗೆ ಮಲಗಲು ಹಲಗೆ, ಮೇಲೆ ಸೋಲಾರ್ ಪ್ಯಾನಲ್, ಮೂಲೆಯಲ್ಲಿ ಬ್ಯಾಟರಿ, ಇನ್ವರ್ಟರ್. ಲಾಡ್ಜ್ ಬಾಡಿಗೆ ಉಳಿಯುತ್ತದೆ, ಕರೆಂಟಿಗೆ ಯಾರ ಮುಲಾಜೂ ಬೇಡ ಎಂಬ ಧೈರ್ಯ ನಮ್ಮದು. ಎರಡನೇ ರಾತ್ರಿ ಒಂಬತ್ತಕ್ಕೆ ಇನ್ವರ್ಟರ್ ಕೂಗಿ ಕೂಗಿ ಆಫ್ ಆಯಿತು. ಇಬ್ಬರ ಕಾಪಿ ಹೋಗಲೇ ಇಲ್ಲ. ವರದಿಗೆ ಇಷ್ಟು ಎಂದು ದುಡ್ಡು ಪಡೆಯುವ ನಮಗೆ ಹೋಗದ ಕಾಪಿ ಎಂದರೆ ಬಾರದ ಕೂಲಿ.

ಮೋಡವನ್ನು ಬೈದೆವು. ಆಮೇಲೆ ಕೂತು ಲೆಕ್ಕ ಹಾಕಿದಾಗ ತಪ್ಪು ಮೋಡದ್ದಲ್ಲ ಎಂದು ತಿಳಿಯಿತು. ಪ್ಯಾನಲ್ ಕೊಳ್ಳುವಾಗ ಅಂಗಡಿಯವರು ಕೇಳಿದ್ದು ‘ಎಷ್ಟು ವ್ಯಾಟ್ ಬೇಕು?’ ಎಂದು ಮಾತ್ರ. ನಾವು ಕೇಳಿದ್ದು ‘ಎಷ್ಟಾಗುತ್ತೆ?’ ಎಂದು ಮಾತ್ರ. ‘ದಿನಕ್ಕೆ ಏನೇನು, ಎಷ್ಟು ಹೊತ್ತು ಓಡಿಸುತ್ತೀರಿ?’ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಯಾರು, ಏನು, ಎಷ್ಟು ಎಂದು ಊರಿಗೆಲ್ಲ ಪ್ರಶ್ನೆ ಹಾಕುವವರು ನಾವು!

ನಮ್ಮ ಲೆಕ್ಕ ಹೀಗಿದೆ. 50 ವ್ಯಾಟ್‌ನ ಮೂರು ಲ್ಯಾಪ್‌ಟಾಪ್ ನಾಲ್ಕು ಗಂಟೆ ಓಡಿದರೆ 600 ವ್ಯಾಟ್-ಅವರ್. 20 ವ್ಯಾಟ್‌ನ ಎರಡು ಪುಟ್ಟ ಫ್ಯಾನ್ ಏಳು ಗಂಟೆಗೆ 280. ಮೊಬೈಲ್, ಕ್ಯಾಮೆರಾ ಚಾರ್ಜಿಗೆ 120. ದೀಪ, ರೂಟರ್ ಸೇರಿ 100. ಒಟ್ಟು 1,100. ವೈರು, ಇನ್ವರ್ಟರ್, ಬ್ಯಾಟರಿ ತಿನ್ನುವ ಪಾಲು ಸೇರಿಸಿದರೆ 1,400. ಮನೆಯ ಬಿಲ್ಲಿನ ಭಾಷೆಯಲ್ಲಿ ದಿನಕ್ಕೆ 1.4 ಯೂನಿಟ್.

ನಮಗೆ ಕೊಟ್ಟಿದ್ದು 200 ವ್ಯಾಟ್ ಪ್ಯಾನಲ್. ಒಳ್ಳೆ ಬಿಸಿಲಿನ ದಿನ ನಾಲ್ಕೂವರೆ ಗಂಟೆಯ ಪೂರ್ಣ ಬಿಸಿಲು ಹಿಡಿದರೂ ಬರುವುದು 0.9 ಯೂನಿಟ್. 150 ಆಂಪಿಯರ್-ಅವರ್‌ನ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ ನಿಜ, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಅದು ಬೇಗ ಸಾಯುತ್ತದೆ. ಅಂದರೆ ಬೇಸಿಗೆಯಲ್ಲೂ ನಾವು ದಿನಾ ಸಾಲದಲ್ಲೇ ಇದ್ದೆವು. ಆಗಸ್ಟ್ ತಿಂಗಳು ಆ ಸಾಲ ವಸೂಲಿಗೆ ಬಂತು, ಅಷ್ಟೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಅದೇ ವಾರ ಒಂದು ರಾತ್ರಿ ಸುಟ್ಟ ವಾಸನೆ ಬಂತು. ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ವೈರು ಕೈ ಇಡಲಾಗದಷ್ಟು ಬಿಸಿ. ಮೇಲಿನ ಹಲಗೆಯಲ್ಲಿ ಗೆಳೆಯ ಮಲಗಿದ್ದ. 800 ವ್ಯಾಟ್ ಓಡಿಸಲು 12 ವೋಲ್ಟ್ ಬ್ಯಾಟರಿಯಿಂದ 65 ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯಬೇಕು. ಮನೆಯ ಗೋಡೆಗೆ ಹಾಕುವ ವೈರು ಅದನ್ನು ತಡೆಯುವುದಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಇರಬೇಕಾದ ಫ್ಯೂಸ್ ನಮ್ಮ ಗಾಡಿಯಲ್ಲಿ ಇರಲೇ ಇಲ್ಲ. ದೊಡ್ಡ ಪ್ಯಾನಲ್ ಆಮೇಲೆ ಹಾಕಿಸಬಹುದು. ದಪ್ಪ ವೈರು, ಫ್ಯೂಸ್ ಮಾತ್ರ ಮೊದಲ ದಿನವೇ ಬೇಕು.

ಈಗ ನಾವು ಮೊದಲು ಖರ್ಚು ಇಳಿಸಿದ್ದೇವೆ. ಲ್ಯಾಪ್‌ಟಾಪಿಗೆ 12 ವೋಲ್ಟ್‌ನಿಂದಲೇ ಓಡುವ ಕಾರ್ ಚಾರ್ಜರ್, ಹಾಗಾಗಿ ಇನ್ವರ್ಟರ್ ಬಹುತೇಕ ಆಫ್. ಚಹಾಕ್ಕೆ ಕೆಟಲ್ ಬೇಡ, ಗಾಡಿ ಹೊರಗೆ ಪುಟ್ಟ ಗ್ಯಾಸ್ ಸ್ಟವ್ ಸಾಕು. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ 20 ಆಂಪಿಯರ್ ಡಿಸಿ ಚಾರ್ಜರ್ ಹಾಕಿಸಿದೆವು. ಎರಡು ಗಂಟೆ ಓಡಾಡಿದರೆ ಸುಮಾರು ಅರ್ಧ ಯೂನಿಟ್. ದಿನಾ ಸುತ್ತುವ ನಮ್ಮಂಥವರಿಗೆ ಮಳೆಗಾಲದಲ್ಲಿ ಇದೇ ಆಧಾರ. ಮೋಡದ ದಿನ ಏನೇನು ಆಫ್ ಮಾಡಬೇಕು ಎಂಬ ಪಟ್ಟಿಯೂ ಬಾಗಿಲಿಗೆ ಅಂಟಿದೆ. ಮೊದಲ ಹೆಸರು ಫ್ಯಾನಿನದು. ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರೆ ನಮಗೆ ತಂಪು, ಪ್ಯಾನಲ್‌ಗೆ ಉಪವಾಸ ಎಂಬುದನ್ನೂ ಕಲಿತೆವು.

‘ಗಿರಾಕಿ ರೇಟು ಬಿಟ್ಟು ಬೇರೇನೂ ಕೇಳೋಲ್ಲ’ ಎನ್ನುತ್ತಾರೆ ಅಂಗಡಿಯವರು. ಅದರಲ್ಲಿ ಸತ್ಯವಿದೆ, ಅದಕ್ಕೆ ನಾವೇ ಸಾಕ್ಷಿ. ಆದರೂ ಪ್ಯಾನಲ್ ಮಾರುವವರು ಬಿಲ್ಲಿನ ಜತೆ ಇನ್ನೊಂದು ಚೀಟಿ ಕೊಡಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ. ದಿನದ ಖರ್ಚು ಎಷ್ಟು, ಬಿಸಿಲಿದ್ದರೆ ಎಷ್ಟು ಬರುತ್ತದೆ, ಮೋಡವಿದ್ದರೆ ಎಷ್ಟು ಹೊತ್ತು ಬರುತ್ತದೆ, ವೈರು ಎಷ್ಟು ದಪ್ಪ, ಫ್ಯೂಸ್ ಎಷ್ಟು ಆಂಪಿಯರ್. ಐದೇ ಸಾಲು, ಕೆಳಗೊಂದು ಸಹಿ.

ಇದು ಬರೀ ವ್ಯಾನಿನ ಮಾತಲ್ಲ. ತೋಟದ ಮನೆಗೆ, ಗೂಡಂಗಡಿಗೆ, ರಾತ್ರಿ ತಳ್ಳುಗಾಡಿಗೆ ಸೋಲಾರ್ ಹಾಕಿಸುವವರೂ ಇದೇ ಚೀಟಿ ಕೇಳಬೇಕು. ಬರೆದುಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗಿ. ನಾವು ಹೋಗಲಿಲ್ಲ, ಎರಡು ವರದಿ ಕಳಕೊಂಡೆವು. ಗೆಳೆಯನಿಗೆ ಏನೂ ಆಗಲಿಲ್ಲ ಎಂಬುದು ನಮ್ಮ ಪುಣ್ಯ.